ಕಣ್ಣು ತೆರೆದೇ ಶುರು ಮಾಡಿ: ಬಾಲ್ಯದ ಗಾಯ ಹೊತ್ತವರಿಗೆ ಧ್ಯಾನದ ದಾರಿ

ನಮ್ಮ ಹಳೇ ಮನೆಯ ಗೇಟಿಗೆ ಒಂದು ಕಬ್ಬಿಣದ ಚಿಲಕ ಇತ್ತು. ರಾತ್ರಿ ಹತ್ತರ ಹೊತ್ತಿಗೆ ಅದರ ಸದ್ದು ಬರುತ್ತಿತ್ತು. ಆ ಸದ್ದು ಕೇಳಿದ ಕೂಡಲೇ ಅವತ್ತಿನ ರಾತ್ರಿ ಹೇಗಿರುತ್ತದೆ ಅಂತ ನನಗೂ ತಂಗಿಗೂ ಗೊತ್ತಾಗಿಬಿಡುತ್ತಿತ್ತು. ಮೆಲ್ಲಗೆ ಬಂದರೆ ಸರಿ. ಧಡ್ ಅಂತ ಬಂದರೆ ಪುಸ್ತಕ ಮುಚ್ಚಿ, ಲೈಟ್ ಆರಿಸಿ, ಚಾಪೆ ಮೇಲೆ ಅಲ್ಲಾಡದೆ ಮಲಗಬೇಕು. ಕಣ್ಣು ಮುಚ್ಚಬೇಕು. ಉಸಿರಿನ ಸದ್ದೂ ಹೊರಗೆ ಕೇಳಬಾರದು. ಕುಡಿದು ಬಂದ ಅಪ್ಪನ ಹೆಜ್ಜೆ ನಮ್ಮ ಕೋಣೆ ದಾಟಿ ಹೋಗುವ ತನಕ ಹಾಗೇ ಇರಬೇಕು.

ಈಗ ನನಗೆ ನಲವತ್ತಮೂರು. ಆ ಮನೆ ಇಲ್ಲ, ಅಪ್ಪನೂ ಇಲ್ಲ. ಆದರೂ ಬೀದಿಯಲ್ಲಿ ಯಾರಾದರೂ ಗೇಟ್ ಜೋರಾಗಿ ಹಾಕಿದರೆ ನನ್ನ ಭುಜ ತಾನಾಗೇ ಕಿವಿಯ ತನಕ ಏರುತ್ತದೆ.

ಮೂವತ್ತೈದರ ಸುಮಾರಿಗೆ ಕೆಲಸದ ಒತ್ತಡ ಜಾಸ್ತಿಯಾಗಿ ನಿದ್ದೆ ಕೆಟ್ಟಿತು. ಎಲ್ಲರೂ "ಧ್ಯಾನ ಮಾಡು" ಅಂದರು. ಒಂದು ಶಿಬಿರಕ್ಕೆ ಹೋದೆ. "ಕಣ್ಣು ಮುಚ್ಚಿ, ಅಲ್ಲಾಡಬೇಡಿ, ಉಸಿರನ್ನು ಮಾತ್ರ ಗಮನಿಸಿ" ಅಂತ ಹೇಳಿಕೊಟ್ಟರು. ಅಕ್ಕಪಕ್ಕದವರು ಶಾಂತವಾಗಿ ಕೂತಿದ್ದರು. ನನ್ನ ಎದೆ ಡವಡವ ಅನ್ನುತ್ತಿತ್ತು. ಎರಡನೇ ದಿನ ಕೈಕಾಲು ನಡುಗತೊಡಗಿತು. ನನ್ನಲ್ಲೇ ಏನೋ ದೋಷ ಇದೆ ಅಂದುಕೊಂಡು ಅರ್ಧಕ್ಕೇ ವಾಪಸ್ ಬಂದೆ. ಎಷ್ಟೋ ತಿಂಗಳ ಮೇಲೆ ಒಬ್ಬ ಆಪ್ತಸಮಾಲೋಚಕಿಯ ಮುಂದೆ ಕೂತು ಇದನ್ನು ಹೇಳುವಾಗ ನನಗೇ ಹೊಳೆಯಿತು. ಕಣ್ಣು ಮುಚ್ಚಿ, ಅಲ್ಲಾಡದೆ, ಉಸಿರಿನ ಮೇಲೆ ಗಮನ ಇಡುವುದು ನನಗೆ ಹೊಸದೇ ಅಲ್ಲ. ಆ ಚಾಪೆ ಮೇಲೆ ನಾನು ವರ್ಷಗಟ್ಟಲೆ ಮಾಡಿದ್ದು ಅದನ್ನೇ. ಭಯದಿಂದ ಮಾಡಿದ್ದೆ, ಅಷ್ಟೇ.

ಆಮೇಲೆ ಅವರ ಸಹಾಯದಿಂದ ಧ್ಯಾನವನ್ನು ಬೇರೆ ಕ್ರಮದಲ್ಲಿ ಕಲಿತೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯೆ ಅಲ್ಲ. ಈ ದಾರಿಯಲ್ಲಿ ಎಂಟು ವರ್ಷ ನಡೆದವಳು.

ದೇಹ ಯಾಕೆ ಮರೆಯುವುದಿಲ್ಲ

ಮಿದುಳಿನ ಒಳಗೆ ಬಾದಾಮಿ ಆಕಾರದ ಒಂದು ಚಿಕ್ಕ ಭಾಗ ಇದೆ. ಅದಕ್ಕೆ ಅಮಿಗ್ಡಲಾ ಅಂತ ಹೆಸರು. ಅಪಾಯ ಕಂಡರೆ ಗಂಟೆ ಬಾರಿಸುವುದು ಅದರ ಕೆಲಸ. ಗಂಟೆ ಬಾರಿಸಿದ ಕೂಡಲೇ ಅಡ್ರಿನಲಿನ್, ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಎದೆ ಬಡಿತ ಏರುತ್ತದೆ, ಸ್ನಾಯು ಬಿಗಿಯುತ್ತದೆ, ಹೊಟ್ಟೆಯಲ್ಲಿ ಜೀರ್ಣದ ಕೆಲಸ ನಿಧಾನವಾಗುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಇದು ಬೇಕೇ ಬೇಕು. ಆದರೆ ಮಗುವಿನ ಮನೆಯಲ್ಲೇ ಅಪಾಯ ಇದ್ದರೆ ಗಂಟೆ ದಿನಾ ಬಾರಿಸುತ್ತದೆ. ಬಾರಿಸಿ ಬಾರಿಸಿ, ಸಣ್ಣ ಸದ್ದಿಗೂ ಹೊಡೆದುಕೊಳ್ಳುವುದು ಅದಕ್ಕೆ ರೂಢಿಯಾಗುತ್ತದೆ. ದೊಡ್ಡವರಾದ ಮೇಲೆ ಮೇಲಧಿಕಾರಿ ಸ್ವಲ್ಪ ದನಿ ಏರಿಸಿದರೂ ಕೈ ತಣ್ಣಗಾಗುವುದು ಇದಕ್ಕೇ. ನೀವು ಪುಕ್ಕಲರು ಅಂತಲ್ಲ.

ಅಮೆರಿಕದಲ್ಲಿ 1995ರಿಂದ 1997ರ ವರೆಗೆ ಹದಿನೇಳು ಸಾವಿರಕ್ಕೂ ಹೆಚ್ಚು ಜನರನ್ನು ಅವರ ಬಾಲ್ಯದ ಬಗ್ಗೆ ಕೇಳಿದರು. ಹೊಡೆತ, ಬೈಗುಳ, ಲೈಂಗಿಕ ದೌರ್ಜನ್ಯ, ಮನೆಯಲ್ಲಿ ಕುಡಿತ, ಅಮ್ಮನಿಗೆ ಬೀಳುವ ಏಟು ನೋಡುವುದು, ಇವೆಲ್ಲ ಆ ಪ್ರಶ್ನೆಗಳಲ್ಲಿದ್ದವು. ಇಂಥ ಅನುಭವಗಳು ಹೆಚ್ಚಿದಷ್ಟೂ ಮುಂದೆ ಖಿನ್ನತೆ, ಕುಡಿತದ ಚಟ, ಹೃದಯದ ಕಾಯಿಲೆಯ ಸಾಧ್ಯತೆಯೂ ಹೆಚ್ಚು ಅಂತ ಕಂಡಿತು. ಸಾಧ್ಯತೆ ಮಾತ್ರ. ಹಣೆಬರಹ ಅಲ್ಲ. ನಮ್ಮಲ್ಲೂ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಹದಿಮೂರು ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಮೂವರಲ್ಲಿ ಇಬ್ಬರು ಏಟು ತಿಂದಿದ್ದರು. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಕಂಡಿದ್ದರು. ಆ ಮಕ್ಕಳು ಈಗ ದೊಡ್ಡವರು. ಬಸ್ಸಿನಲ್ಲಿ, ಆಫೀಸಿನಲ್ಲಿ ನಮ್ಮ ಪಕ್ಕದಲ್ಲೇ ಇದ್ದಾರೆ.

ಧ್ಯಾನ ಇದನ್ನೆಲ್ಲ ಅಳಿಸುವುದಿಲ್ಲ. "ಅದು ಆಗ, ಇದು ಈಗ" ಅನ್ನುವ ವ್ಯತ್ಯಾಸವನ್ನು ದೇಹಕ್ಕೆ ಸ್ವಲ್ಪ ಸ್ವಲ್ಪವಾಗಿ ಕಲಿಸುತ್ತದೆ. ನನ್ನ ಅನುಭವದಲ್ಲಿ ಅದು ಮಾಡುವ ಅತಿ ದೊಡ್ಡ ಕೆಲಸ ಇದೇ.

ಯಾರು ಸ್ವಲ್ಪ ಕಾಯಬೇಕು

ಈಗಲೂ ಹೊಡೆತ ಬೀಳುವ ಮನೆಯಲ್ಲೇ ಇದ್ದರೆ ಮೊದಲು ಬೇಕಾದದ್ದು ಸುರಕ್ಷಿತ ಜಾಗ. ಧ್ಯಾನ ಆಮೇಲೆ. ಅಪಾಯ ನಿಜವಾಗಿ ಇರುವಾಗ ಗಂಟೆ ಬಾರಿಸುತ್ತಿರುವುದು ಸರಿಯಾಗೇ ಇದೆ, ಅದನ್ನು ಸುಮ್ಮನಾಗಿಸಬಾರದು.

ಸಾಯುವ ಯೋಚನೆ ಬರುತ್ತಿದ್ದರೆ, ಯಾರೂ ಇಲ್ಲದಾಗ ದನಿ ಕೇಳಿಸುತ್ತಿದ್ದರೆ, ಬೈಪೋಲಾರ್ (ಮನಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ) ಅಥವಾ ಸೈಕೋಸಿಸ್‌ಗೆ (ನಿಜ ಯಾವುದು, ಭ್ರಮೆ ಯಾವುದು ಅಂತ ಗೊತ್ತಾಗದ ಸ್ಥಿತಿ) ಚಿಕಿತ್ಸೆ ನಡೆಯುತ್ತಿದ್ದರೆ ಮೊದಲು ಮನೋವೈದ್ಯರ ಹತ್ತಿರ ಮಾತಾಡಿ. ಧ್ಯಾನ ಶುರು ಮಾಡಿದ್ದೇನೆ ಅಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ದಯವಿಟ್ಟು.

ಇನ್ನೊಂದು ಮಾತು. ಹತ್ತು ದಿನದ ಮೌನ ಶಿಬಿರದಿಂದ ಶುರು ಮಾಡಬೇಡಿ. ಅವುಗಳಿಂದ ಒಳ್ಳೆಯದಾದವರು ತುಂಬಾ ಜನ ಇದ್ದಾರೆ. ಆದರೆ ದಿನಕ್ಕೆ ಹತ್ತು ಗಂಟೆಯ ಹತ್ತಿರ ಕೂರುವುದು ಗಾಯ ಇರುವವರಿಗೆ ಮೊದಲ ಹೆಜ್ಜೆ ಆಗಬಾರದು. ಮುಂದೆ ಎಂದಾದರೂ ಹೋದರೆ, ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಕೇಳುವ ಪ್ರಶ್ನೆಗೆ ನಿಜವನ್ನೇ ಬರೆಯಿರಿ. ನಾನು ಬರೆದಿರಲಿಲ್ಲ.

ಮೊದಲ ಹೆಜ್ಜೆ: ಜಾಗ, ಹೊತ್ತು, ಮತ್ತು ನಿಲ್ಲಿಸುವ ಹಕ್ಕು

ಬೆನ್ನು ಗೋಡೆಗೆ ಆನುವಂತೆ ಕೂತುಕೊಳ್ಳಿ. ಬಾಗಿಲು ಕಣ್ಣಿಗೆ ಕಾಣುತ್ತಿರಲಿ. ಹಿಂದಿನಿಂದ ಯಾರೂ ಬರಲಾರರು ಅಂತ ದೇಹಕ್ಕೆ ಖಾತ್ರಿಯಾದರೆ ಅರ್ಧ ಬಿಗಿ ಅಲ್ಲೇ ಸಡಿಲುತ್ತದೆ. ಪದ್ಮಾಸನ ಬೇಡ. ಕುರ್ಚಿ ಸಾಕು. ಕಾಲು ಮಡಚಿ ಕೂತರೆ ತಕ್ಷಣ ಏಳಲು ಆಗುವುದಿಲ್ಲ, ಅದೇ ಕೆಲವರಿಗೆ ಹೆದರಿಕೆ ತರುತ್ತದೆ.

ರಾತ್ರಿ ಬೇಡ. ಬೆಳಗಿನ ಬೆಳಕು ಒಳ್ಳೆಯದು. ಮನೆಯಲ್ಲಿ ಹಾಲು ಕಾಯಿಸುವ, ಪಾತ್ರೆ ಸದ್ದು ಮಾಡುವ ಹೊತ್ತಾದರೂ ಪರವಾಗಿಲ್ಲ. ತೀರಾ ನಿಶ್ಶಬ್ದ ಇದ್ದರೆ ನನ್ನಂಥವರ ಕಿವಿ ಚಿಲಕದ ಸದ್ದಿಗೇ ಕಾಯುತ್ತದೆ.

ಮೊದಲ ವಾರ ಮೂರೇ ನಿಮಿಷ. ಮೊಬೈಲಿನಲ್ಲಿ ಮೆಲ್ಲಗಿನ ಅಲಾರಂ ಇಡಿ.

ಕೂರುವ ಮೊದಲು ಪ್ರತಿ ಸಲ ಒಂದು ಮಾತನ್ನು ಬಾಯಿಬಿಟ್ಟು ಹೇಳಿಕೊಳ್ಳಿ: "ಬೇಡ ಅನ್ನಿಸಿದರೆ ನಾನು ಏಳಬಹುದು." ಇದನ್ನು ಹಾರಿಸಬೇಡಿ. ಬಾಲ್ಯದ ಗಾಯದಲ್ಲಿ ನೋವಿಗಿಂತ ಹೆಚ್ಚು ಕಾಡುವುದು ಆಗ ಏಳಲು ಆಗಲಿಲ್ಲ, ಓಡಲು ಆಗಲಿಲ್ಲ, ಬೇಡ ಅನ್ನಲು ಆಗಲಿಲ್ಲ ಅನ್ನುವುದು. ನನಗೆ ಹೇಳಿಕೊಟ್ಟವರು ಮೊದಲ ದಿನ ಬೇಕಂತಲೇ ಒಂದು ಅಭ್ಯಾಸ ಮಾಡಿಸಿದರು. ಅರ್ಧ ನಿಮಿಷ ಕೂರು, ಎದ್ದು ಹೋಗು. ಮತ್ತೆ ಕೂರು, ಮತ್ತೆ ಎದ್ದು ಹೋಗು. ಐದು ಸಲ. ಐದನೇ ಸಲ ಎದ್ದು ಬಾಗಿಲ ತನಕ ಹೋದಾಗ ನನಗೆ ಅಳು ಬಂತು. ಯಾರೂ ತಡೆಯಲಿಲ್ಲ ಅಲ್ವಾ, ಅದಕ್ಕೆ.

ಎರಡನೇ ಹೆಜ್ಜೆ: ನೆಲ

ಕಣ್ಣು ತೆರೆದೇ ಇರಲಿ. ಮೂರು ನಾಲ್ಕು ಅಡಿ ಮುಂದಿನ ನೆಲದ ಮೇಲೆ ನೋಟ ಇಡಿ.

ಚಪ್ಪಲಿ ಬಿಟ್ಟು ಎರಡೂ ಪಾದ ನೆಲಕ್ಕೆ ಊರಿ. ಹಳೇ ಮನೆಯ ಕೆಂಪು ಗಾರೆ ನೆಲ ಆದರೆ ತಣ್ಣಗೆ ನುಣುಪಾಗಿರುತ್ತದೆ. ಟೈಲ್ಸ್ ಆದರೆ ಎರಡು ಟೈಲ್ಸ್ ನಡುವಿನ ಗೆರೆ ಹೆಬ್ಬೆರಳಿಗೆ ಸಿಗುತ್ತದೆ. ಮಣ್ಣಿನ ಅಂಗಳ ಆದರೆ ಇನ್ನೂ ಚೆನ್ನ. ಹಿಮ್ಮಡಿಯಲ್ಲಿ ಎಷ್ಟು ಭಾರ ಇದೆ, ಬೆರಳಲ್ಲಿ ಎಷ್ಟು ಇದೆ ಅಂತ ನೋಡಿ. ಬಲಗಾಲು ಒತ್ತಿ, ಬಿಡಿ. ಎಡಗಾಲು ಒತ್ತಿ, ಬಿಡಿ. ಮೂರು ನಿಮಿಷ ಇಷ್ಟೇ ಕೆಲಸ.

ಮನಸ್ಸು ಓಡಿಹೋಗುತ್ತದೆ. ಅಡುಗೆಗೆ, ಇಎಂಐಗೆ, ನಿನ್ನೆಯ ಜಗಳಕ್ಕೆ. ಓಡಿದ್ದು ಗೊತ್ತಾದಾಗ ಬೈದುಕೊಳ್ಳದೆ ಪಾದಕ್ಕೆ ವಾಪಸ್ ಬನ್ನಿ. ಬೈಗುಳ ತಿಂದು ಬೆಳೆದವರು ತಮ್ಮನ್ನು ತಾವೇ ಬೈದುಕೊಳ್ಳುವುದರಲ್ಲಿ ಪಳಗಿರುತ್ತಾರೆ. "ಇದನ್ನೂ ನೆಟ್ಟಗೆ ಮಾಡಕ್ಕಾಗಲ್ವಾ ನಿಂಗೆ" ಅನ್ನುವ ದನಿ ಒಳಗೆ ಕೇಳಿದರೆ ಅದು ಯಾರ ದನಿ ಅಂತ ಸುಮ್ನೆ ಗುರುತಿಸಿ. ಬಹಳ ಸಲ ಅದು ನಿಮ್ಮದಾಗಿರುವುದಿಲ್ಲ.

ಈ ಒಂದೇ ಹೆಜ್ಜೆಯಲ್ಲಿ ನಾನು ಆರು ವಾರ ಇದ್ದೆ. ನೀವೂ ಎಷ್ಟು ದಿನ ಬೇಕಾದರೂ ಇರಬಹುದು.

ಮೂರನೇ ಹೆಜ್ಜೆ: ಕಣ್ಣು, ಕಿವಿ, ಕೈ

ಕೂತಲ್ಲಿಂದಲೇ ಕತ್ತನ್ನು ನಿಧಾನವಾಗಿ ತಿರುಗಿಸಿ ಕೋಣೆಯನ್ನು ಪೂರ್ತಿ ನೋಡಿ. ಕಾಣುವ ಐದು ವಸ್ತುಗಳ ಹೆಸರು ಹೇಳಿ. ಕ್ಯಾಲೆಂಡರ್, ಸ್ವಿಚ್ಚು, ನೀರಿನ ಚೊಂಬು, ಕಿಟಕಿ ಸರಳು, ಮಗಳ ಬ್ಯಾಗು. ಮುಟ್ಟಲು ಸಿಗುವ ನಾಲ್ಕು. ಕೇಳುವ ಮೂರು ಸದ್ದು. ಎರಡು ವಾಸನೆ. ಬಾಯಲ್ಲಿರುವ ಒಂದು ರುಚಿ. ಇದನ್ನು ತುಂಬಾ ಕಡೆ ಕಲಿಸುತ್ತಾರೆ, ಸುಲಭ ಅಂತ ಕಡೆಗಣಿಸಬೇಡಿ. ನೆನಪು ನಿಮ್ಮನ್ನು ಹಳೇ ಕೋಣೆಗೆ ಎಳೆಯುವಾಗ ಇವತ್ತಿನ ಕೋಣೆಯಲ್ಲಿ ಹಿಡಿದು ನಿಲ್ಲಿಸುವುದು ಇಂಥ ಚಿಕ್ಕ ವಿಷಯಗಳೇ.

ಕೈಯಲ್ಲಿ ಹಿಡಿಯಲು ಒಂದು ವಸ್ತು ಇಟ್ಟುಕೊಂಡರೆ ಒಳ್ಳೆಯದು. ನನ್ನ ಹತ್ತಿರ ಒಂದು ಒಣ ಅಡಿಕೆ ಇದೆ. ಅಜ್ಜಿ ಮನೆಯದು. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಗುಂಡಗೆ, ಮೇಲೆಲ್ಲ ಸಣ್ಣ ಗೀರು. ಬೆರಳಲ್ಲಿ ತಿರುಗಿಸುತ್ತಾ ಇದ್ದರೆ ಅಜ್ಜಿಯ ಜಗಲಿ ನೆನಪಾಗುತ್ತದೆ. ನನ್ನ ಬಾಲ್ಯದಲ್ಲಿ ಯಾರೂ ಕಿರುಚದೆ ಇದ್ದ ಜಾಗ ಅದೊಂದೇ. ನೀವೂ ಅಂಥದ್ದೊಂದು ಹುಡುಕಿ. ಗಾಯ ಮಾಡಿದವರಿಗೆ ಸಂಬಂಧಿಸಿದ ವಸ್ತು ಮಾತ್ರ ಬೇಡ.

ನಾಲ್ಕನೇ ಹೆಜ್ಜೆ: ಉಸಿರು

ಉಸಿರನ್ನು ನಾಲ್ಕನೇ ಹೆಜ್ಜೆಗೆ ಬೇಕಂತಲೇ ತಳ್ಳಿದ್ದೇನೆ. ಬಾಯಿ ಮುಚ್ಚಿ ಹಿಡಿದ ನೆನಪು, ಕತ್ತು ಅದುಮಿದ ನೆನಪು ಇರುವವರಿಗೆ ಉಸಿರನ್ನು ಗಮನಿಸುವುದೇ ಭಯ. ನಿಮಗೂ ಹಾಗಿದ್ದರೆ ಈ ಹೆಜ್ಜೆಯನ್ನು ಬಿಟ್ಟುಬಿಡಿ. ಪಾದವೇ ಸಾಕು. ಏನೂ ಕಳೆದುಕೊಳ್ಳುವುದಿಲ್ಲ.

ಭಯ ಇಲ್ಲದಿದ್ದರೆ ಹೀಗೆ ಮಾಡಿ. ಮೂಗಿನಿಂದ ಮೂರು ಎಣಿಸುವಷ್ಟು ಹೊತ್ತು ಒಳಗೆ. ಐದು ಎಣಿಸುವಷ್ಟು ಹೊತ್ತು ಹೊರಗೆ, ಬಿಸಿ ಕಾಫಿ ಆರಿಸುವ ಹಾಗೆ. ಹತ್ತು ಸಲ. ಉಸಿರು ಒಳಗೆ ಎಳೆದಾಗ ಹೃದಯದ ಬಡಿತ ಸ್ವಲ್ಪ ಜೋರಾಗುತ್ತದೆ, ಬಿಟ್ಟಾಗ ಸ್ವಲ್ಪ ನಿಧಾನವಾಗುತ್ತದೆ. ಮಿದುಳಿನಿಂದ ಎದೆ, ಹೊಟ್ಟೆಯ ತನಕ ಇಳಿಯುವ ವೇಗಸ್ ಅನ್ನುವ ನರದ ಕೆಲಸ ಅದು. ಹಾಗಾಗಿ ಹೊರಬಿಡುವುದನ್ನು ಉದ್ದ ಮಾಡಿದರೆ ದೇಹ ತಣಿಯುತ್ತದೆ.

ಭ್ರಾಮರಿಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಬಾಯಿ ಮುಚ್ಚಿ ಜೇನುನೊಣದ ಹಾಗೆ "ಮ್" ಅನ್ನುತ್ತಾ ಉಸಿರು ಬಿಡುವುದು. ಕಿವಿ ಮುಚ್ಚಿಕೊಳ್ಳಬೇಕು ಅಂತ ಕಲಿಸುತ್ತಾರೆ, ನೀವು ಮುಚ್ಚಬೇಡಿ. ಹೊರಗಿನ ಸದ್ದು ಕೇಳಿಸುತ್ತಿರಲಿ. ಕಪಾಲಭಾತಿ, ಭಸ್ತ್ರಿಕಾದಂಥ ಜೋರು ಉಸಿರಾಟ, ಉಸಿರು ಕಟ್ಟಿ ಹಿಡಿಯುವ ಕುಂಭಕ, ಇವು ಸದ್ಯಕ್ಕೆ ಬೇಡ. ಬೇಗ ಬೇಗ ಉಸಿರಾಡಿದಾಗ ತಲೆ ತಿರುಗುವುದು, ಬೆರಳು ಜುಮ್ಮೆನ್ನುವುದು, ಎದೆ ಹೊಡೆದುಕೊಳ್ಳುವುದು ಎಲ್ಲ ಪ್ಯಾನಿಕ್ ಬಂದಂತೆಯೇ ಇರುತ್ತದೆ. ದೇಹ ಅದನ್ನು ಹಳೇ ಭಯ ಅಂದುಕೊಳ್ಳಬಹುದು.

ಐದನೇ ಹೆಜ್ಜೆ: ಮೈಯಲ್ಲಿ ಒಂದು ನೆಮ್ಮದಿಯ ಜಾಗ

ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ 1979ರಲ್ಲಿ ಒಂದು ಧ್ಯಾನದ ಕಾರ್ಯಕ್ರಮ ಶುರು ಮಾಡಿದರು. ದೀರ್ಘಕಾಲದ ನೋವು, ಒತ್ತಡ ಇರುವ ರೋಗಿಗಳಿಗೆ ಎಂಟು ವಾರದ ತರಬೇತಿ. ಈಗ ಆಸ್ಪತ್ರೆಗಳಲ್ಲಿ, ಆಫೀಸುಗಳಲ್ಲಿ 'ಮೈಂಡ್‌ಫುಲ್‌ನೆಸ್' ಅಂತ ಕಲಿಸುವುದರ ದೊಡ್ಡ ಪಾಲು ಅಲ್ಲಿಂದ ಬಂದದ್ದು. ಅದರಲ್ಲಿ ಮಲಗಿಕೊಂಡು ಕಾಲಿನಿಂದ ತಲೆಯ ತನಕ ಒಂದೊಂದೇ ಅಂಗವನ್ನು ಗಮನಿಸುವ ಅಭ್ಯಾಸ ಇದೆ. ನಮ್ಮ ಯೋಗನಿದ್ರೆಯಲ್ಲೂ ಇಂಥದ್ದೇ ಇದೆ.

ಒತ್ತಡ ಮಾತ್ರ ಇರುವವರಿಗೆ ಇದು ಹಾಗೇ ಸರಿ. ಮೈ ಮೇಲೆ ದೌರ್ಜನ್ಯ ನಡೆದವರಿಗೆ ಹಾಗೇ ಮಾಡುವುದು ಸರಿಯಲ್ಲ. ಹೊಟ್ಟೆ, ತೊಡೆ, ಎದೆ, ಕತ್ತು, ಯಾವ ಜಾಗದಲ್ಲಿ ಏನು ಅಡಗಿದೆಯೋ. ಅದಕ್ಕೆ ಮಲಗಬೇಡಿ, ಕೂತೇ ಮಾಡಿ. ಎಲ್ಲ ಅಂಗಕ್ಕೂ ಹೋಗಬೇಡಿ.

ಮೊದಲು ಮೈಯಲ್ಲಿ ಹಾಯಾಗಿರುವ, ಇಲ್ಲವೇ ಕೊನೆಪಕ್ಷ ನೋವಿಲ್ಲದ ಒಂದು ಜಾಗ ಹುಡುಕಿ. ಅಂಗೈ ಇರಬಹುದು, ಕಿವಿಯ ಹಾಲೆ ಇರಬಹುದು. ನನ್ನದು ಮೊಣಕೈ. ಅಲ್ಲಿ ಒಂದು ನಿಮಿಷ ಇರಿ. ಆಮೇಲೆ ಬಿಗಿ ಇರುವ ಜಾಗದ ಅಂಚಿಗೆ, ಭುಜದ ತುದಿಗೆ ಅಂದುಕೊಳ್ಳಿ, ಎರಡು ಮೂರು ಉಸಿರಿನಷ್ಟು ಹೊತ್ತು ಹೋಗಿ. ತಕ್ಷಣ ಮೊಣಕೈಗೆ ವಾಪಸ್ ಬನ್ನಿ. ಹೋಗುವುದು, ಬರುವುದು. ಬಾವಿಯಲ್ಲಿ ಈಜು ಕಲಿಸುವವರು ಮೊದಲು ಮೆಟ್ಟಿಲು ಹಿಡಿದುಕೊಂಡೇ ಕಾಲು ಬಡಿಸುತ್ತಾರಲ್ಲ, ಹಾಗೆ. ಮಧ್ಯಕ್ಕೆ ತಳ್ಳಿದರೆ ಈಜು ಬರುವುದಿಲ್ಲ, ನೀರಿನ ಭಯ ಬರುತ್ತದೆ.

ಕೆಲವು ತಿಂಗಳಲ್ಲಿ ಒಂದು ದಿನ ಭುಜ ಏರಿದ್ದು ನಿಮಗೆ ಆಗಿಂದಾಗಲೇ ಗೊತ್ತಾಗುತ್ತದೆ. ಅದು ಇಳಿಯದೇ ಇರಬಹುದು, ಏರಿದ್ದು ಗೊತ್ತಾಯಿತಲ್ಲ. ನನಗೆ ಅದು ದೊಡ್ಡ ದಿನ.

ಬಿರುಗಾಳಿ ಎದ್ದರೆ

ಇದನ್ನು ಕೂರುವ ಮೊದಲೇ ಓದಿಟ್ಟುಕೊಳ್ಳಿ. ಬಿರುಗಾಳಿ ಎರಡು ತರಹ ಬರುತ್ತದೆ. ಒಂದು, ಎಲ್ಲ ಜೋರಾಗುವುದು: ನಡುಕ, ಬೆವರು, ಉಸಿರುಗಟ್ಟುವುದು, ಕಣ್ಣೆದುರು ಹಳೇ ದೃಶ್ಯ. ಇನ್ನೊಂದು, ಎಲ್ಲ ಮಂಕಾಗುವುದು: ಕೈಕಾಲು ಮರಗಟ್ಟುವುದು, ಕೋಣೆ ದೂರ ಸರಿದ ಹಾಗೆ, ನೀವು ನಿಮ್ಮನ್ನೇ ಮೇಲಿಂದ ನೋಡಿದ ಹಾಗೆ. ಎರಡನೆಯದನ್ನು ಎಷ್ಟೋ ಜನ "ಆಳವಾದ ಧ್ಯಾನ" ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಶಾಂತಿಯಲ್ಲಿ ಬೆರಳು ಬೆಚ್ಚಗಿರುತ್ತದೆ, ಕೋಣೆ ಹತ್ತಿರ ಇರುತ್ತದೆ, ಯಾರಾದರೂ ಕರೆದರೆ ಓಗೊಡಬಹುದು. ಮಂಕಿನಲ್ಲಿ ಇದು ಯಾವುದೂ ಇರುವುದಿಲ್ಲ. ಹೊಡೆತ ತಡೆಯಲಾಗದ ಮಗು ಮನಸ್ಸನ್ನು ಬೇರೆಲ್ಲೋ ಕಳಿಸಿಬಿಡುತ್ತದೆ, ಅದರ ಅಭ್ಯಾಸ ಇದು.

ಎರಡರಲ್ಲಿ ಯಾವುದು ಬಂದರೂ ಧ್ಯಾನ ಅಲ್ಲಿಗೇ ನಿಲ್ಲಿಸಿ. "ಇನ್ನು ಸ್ವಲ್ಪ ಹೊತ್ತು ತಡೆದುಕೊಂಡರೆ ದಾಟಿಹೋಗುತ್ತೆ" ಅಂತ ಹಲ್ಲು ಕಚ್ಚಬೇಡಿ. ಎದ್ದು ನಿಲ್ಲಿ. ಲೈಟ್ ಹಾಕಿ. ತಣ್ಣೀರಿನಲ್ಲಿ ಮುಖ ತೊಳೆಯಿರಿ. ಮುಖಕ್ಕೆ ತಣ್ಣೀರು ಬಿದ್ದಾಗ ಎದೆ ಬಡಿತ ಇಳಿಯುವುದು ದೇಹದ ಹುಟ್ಟುಗುಣ. ಹೃದಯದ ಕಾಯಿಲೆ ಇರುವವರು ಐಸ್ ನೀರು ಮಾತ್ರ ಬಳಸಬೇಡಿ. ಎರಡೂ ಅಂಗೈಯನ್ನು ಗೋಡೆಗೆ ಒತ್ತಿ ಗೋಡೆಯನ್ನೇ ತಳ್ಳುವ ಹಾಗೆ ತಳ್ಳಿ. ಬಾಯಲ್ಲಿ ಒಂದು ಚೂರು ನಿಂಬೆ ಉಪ್ಪಿನಕಾಯಿ ಇಟ್ಟುಕೊಳ್ಳಿ, ಮಂಕು ಬೇಗ ಹರಿಯುತ್ತದೆ.

ಆಮೇಲೆ ಜೋರಾಗಿ ಹೇಳಿ. ಹೆಸರು, ವಯಸ್ಸು, ಊರು, ಇವತ್ತಿನ ತಾರೀಕು. ನಾನು ಹೇಳುವುದು ಹೀಗೆ: "ನನಗೆ ನಲವತ್ತಮೂರು. ಇದು ನನ್ನ ಮನೆ. ಬೀಗದ ಕೈ ನನ್ನ ಹತ್ತಿರ ಇದೆ." ಹೇಳುತ್ತಾ ಬೀಗದ ಕೈ ಗೊಂಚಲನ್ನು ಕೈಯಲ್ಲಿ ಹಿಡಿದುಕೊಳ್ಳುತ್ತೇನೆ.

ಮಾರನೇ ದಿನ ಮೊದಲ ಹೆಜ್ಜೆಯಿಂದ, ಒಂದೇ ನಿಮಿಷದಿಂದ ಶುರು ಮಾಡಿ. ವಾರದಲ್ಲಿ ಎರಡು ಮೂರು ಸಲ ಹೀಗಾದರೆ ಒಬ್ಬರೇ ಮುಂದುವರಿಸಬೇಡಿ.

ಆರನೇ ಹೆಜ್ಜೆ: ಆ ಮಗುವಿನ ಹತ್ತಿರ

ಬೌದ್ಧರ ಸಂಪ್ರದಾಯದಲ್ಲಿ ಮೆತ್ತಾ ಅನ್ನುವ ಧ್ಯಾನ ಇದೆ. ಪಾಲಿ ಭಾಷೆಯ ಮಾತು, ನಮ್ಮ ಮೈತ್ರಿಯೇ ಅದು. "ಸುಖವಾಗಿರಲಿ, ಭಯ ಇಲ್ಲದಿರಲಿ" ಅಂತ ಒಬ್ಬೊಬ್ಬರಿಗಾಗಿ ಹಾರೈಸುತ್ತಾ ಹೋಗುವುದು. ಸಾಮಾನ್ಯವಾಗಿ ತನ್ನಿಂದಲೇ ಶುರು ಮಾಡಿಸುತ್ತಾರೆ. ನಮ್ಮಂಥವರಿಗೆ ಅದೇ ಎಲ್ಲಕ್ಕಿಂತ ಕಷ್ಟ. "ನಿನ್ನಿಂದಲೇ ಎಲ್ಲ ಹಾಳಾಯ್ತು" ಅಂತ ಕೇಳಿಕೊಂಡೇ ಬೆಳೆದ ಮಗುವಿಗೆ "ನಾನು ಸುಖವಾಗಿರಲಿ" ಅನ್ನುವ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಹಾಗಾಗಿ ಸುಲಭದವರಿಂದ ಶುರು ಮಾಡಿ. ಬೀದಿಯ ನಾಯಿಮರಿ. ಪಕ್ಕದ ಮನೆಯ ಕೂಸು. ನಿಮ್ಮನ್ನು ಅಕ್ಕರೆಯಿಂದ ಕಂಡ ಒಬ್ಬ ಟೀಚರ್. ಒಂದು ತಿಂಗಳು ಅವರೊಂದಿಗೇ ಇರಿ. ಆ ಬೆಚ್ಚನೆ ಭಾವ ಎದೆಯಲ್ಲಿ ಎಲ್ಲಿ ಹುಟ್ಟುತ್ತದೆ ಅಂತ ಗುರುತು ಹತ್ತಿದ ಮೇಲೆ ನಿಮ್ಮದೇ ಚಿಕ್ಕಂದಿನ ಒಂದು ಫೋಟೋ ತೆಗೆದುಕೊಳ್ಳಿ. ಏಟು ಬಿದ್ದ ದಿನಗಳದ್ದು ಬೇಡ. ಹುಟ್ಟುಹಬ್ಬ, ಜಾತ್ರೆ, ಶಾಲೆಯ ಗ್ರೂಪ್ ಫೋಟೋ, ಯಾವುದಾದರೂ.

ನನ್ನದು ನಾಲ್ಕನೇ ಕ್ಲಾಸಿನದು. ಎರಡು ಜಡೆ, ರಿಬ್ಬನ್ ಒಂದು ಬದಿಗೆ ಜಾರಿದೆ, ಸ್ವೆಟರಿನ ಒಂದು ಗುಂಡಿ ಇಲ್ಲ. ಕೈ ಎರಡನ್ನೂ ಎದೆ ಮೇಲೆ ಕಟ್ಟಿಕೊಂಡಿದ್ದಾಳೆ. ಮೊದಲ ಸಲ ನೋಡಿದಾಗ ನನಗೆ ಅವಳ ಮೇಲೆ ಸಿಟ್ಟೇ ಬಂತು. ಯಾಕೆ ಅಮ್ಮನನ್ನು ಕಾಪಾಡಲಿಲ್ಲ ನೀನು ಅಂತ. ಎಷ್ಟೋ ದಿನ ಫೋಟೋ ಡ್ರಾಯರಿಗೆ ಸೇರಿತು. ಒಂದು ಬೆಳಿಗ್ಗೆ ಅವಳ ಮಣಿಕಟ್ಟು ಕಣ್ಣಿಗೆ ಬಿತ್ತು. ಎಷ್ಟು ಸಣ್ಣದಿತ್ತು ಅಂದರೆ ಬಳೆ ಮೊಣಕೈ ತನಕ ಜಾರಿತ್ತು. ಆ ಕೈ ಯಾರನ್ನು ತಾನೇ ತಡೆಯಬಹುದಿತ್ತು? ಅವತ್ತು ಅವಳಿಗೆ "ಭಯ ಪಡಬೇಡ, ನಾನು ಬಂದಿದ್ದೀನಿ" ಅಂತ ಹೇಳಲು ಆಯಿತು. ಅಷ್ಟಕ್ಕೇ ಫೋಟೋ ಒಳಗಿಟ್ಟೆ.

ನೀವೂ ಅಷ್ಟೇ ಮಾಡಿ. ಎರಡು ನಿಮಿಷ, ಒಂದೇ ಮಾತು, ಅವತ್ತಿಗೆ ಸಾಕು. ನಡೆದದ್ದನ್ನು ಮತ್ತೆ ಪೂರ್ತಿ ನೆನೆಸಿಕೊಳ್ಳುವ ಕೆಲಸ ಒಬ್ಬರೇ ಮಾಡಬೇಡಿ. ಅದಕ್ಕೆ ತರಬೇತಿ ಆದವರು ಪಕ್ಕದಲ್ಲಿರಬೇಕು.

ಕ್ಷಮಿಸಬೇಕಾ? "ಕ್ಷಮಿಸಿಬಿಡು, ಎಷ್ಟಂದ್ರೂ ಹೆತ್ತವರು" ಅಂತ ಧ್ಯಾನ ಕಲಿಸುವವರೂ ಹೇಳುತ್ತಾರೆ, ಮನೆಯವರೂ ಹೇಳುತ್ತಾರೆ. ಕ್ಷಮಿಸದೇ ಗಾಯ ಮಾಯುವುದಿಲ್ಲ ಅನ್ನುವುದು ನನ್ನ ಮಟ್ಟಿಗೆ ನಿಜವಾಗಲಿಲ್ಲ. ಕ್ಷಮೆ ತಾನಾಗಿ ಬಂದರೆ ಬರಲಿ. ಬರದಿದ್ದರೆ ನೀವು ಕೆಟ್ಟವರಲ್ಲ. ಒತ್ತಾಯದಿಂದ ಮಾಡಿದ ಕ್ಷಮೆ, ಚಿಕ್ಕಂದಿನಲ್ಲಿ ಅಳು ನುಂಗಿಕೊಂಡು ಹೇಳಿದ "ಏನೂ ಆಗಿಲ್ಲ" ಅನ್ನುವ ಮಾತಿನ ಹಾಗೇ ಇರುತ್ತದೆ.

ಕೂರಲು ಆಗದವರಿಗೆ

ಕೂತು ಮಾಡುವುದೊಂದೇ ಧ್ಯಾನ ಅಲ್ಲ. ಮನೆಯ ಒಳಗೇ ಹತ್ತು ಹೆಜ್ಜೆ ನಡೆದು, ತಿರುಗಿ, ಮತ್ತೆ ಹತ್ತು ಹೆಜ್ಜೆ ನಡೆಯಿರಿ. ಹಿಮ್ಮಡಿ ಊರಿತು, ಬೆರಳು ಊರಿತು, ಎತ್ತಿತು, ಅಷ್ಟನ್ನೇ ಗಮನಿಸಿ. ಮಲ್ಲಿಗೆ ಕಟ್ಟುವುದು, ಚುಕ್ಕಿ ರಂಗೋಲಿ ಇಡುವುದು, ಅವರೆಕಾಳು ಹಿಚುಕುವುದು, ಇವೂ ಆಗುತ್ತವೆ. ಬೆರಳಿನ ಮೇಲೆ ಗಮನ ಇರಬೇಕು, ಟಿವಿ ಆರಿಸಿರಬೇಕು, ಅಷ್ಟೇ. ನನ್ನ ತಂಗಿ ಇವತ್ತಿಗೂ ಕೂತು ಧ್ಯಾನ ಮಾಡುವುದಿಲ್ಲ. ದಿನಾ ಬೆಳಿಗ್ಗೆ ಅರ್ಧ ಗಂಟೆ ಗಿಡಗಳಿಗೆ ನೀರು ಹಾಕುತ್ತಾಳೆ, ಒಂದೊಂದೇ ಎಲೆ ಒರೆಸುತ್ತಾಳೆ. ಆ ಹೊತ್ತಿನಲ್ಲಿ ಅವಳ ಮುಖ ನೋಡಿದರೆ ನನಗೆ ಗೊತ್ತಾಗುತ್ತದೆ.

ಎಷ್ಟು ದಿನ ಬೇಕು

ಮೂರು ನಿಮಿಷದಿಂದ ಹತ್ತು ನಿಮಿಷಕ್ಕೆ ಬರಲು ನನಗೆ ಒಂದು ವರ್ಷ ಹಿಡಿಯಿತು. ಈಗಲೂ ಹದಿನೈದು ನಿಮಿಷ ದಾಟುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಒಂದೇ ಸಾಲು ಬರೆಯಿರಿ: ಎಷ್ಟು ನಿಮಿಷ, ಹೇಗಿತ್ತು, ರಾತ್ರಿ ನಿದ್ದೆ ಬಂತಾ. ನಾಲ್ಕು ವಾರದ ಮೇಲೆ ಓದಿ ನೋಡಿ. ನಿದ್ದೆ ಸುಧಾರಿಸಿದ್ದರೆ, ಮಕ್ಕಳ ಮೇಲೆ ರೇಗುವುದು ಕಡಿಮೆ ಆಗಿದ್ದರೆ ದಾರಿ ಸರಿ ಇದೆ. ಕೆಟ್ಟ ಕನಸು ಜಾಸ್ತಿ ಆಗಿದ್ದರೆ, ಮಂಕು ಹೆಚ್ಚಾಗಿದ್ದರೆ ನಿಲ್ಲಿಸಿ, ಸಹಾಯ ಕೇಳಿ. ನಡುವೆ ಒಂದು ವಾರ ಬಿಟ್ಟುಹೋದರೆ ಬಿಟ್ಟುಹೋಯಿತು, ಮತ್ತೆ ಕೂತರಾಯಿತು.

ಸಹಾಯ ಕೇಳುವ ಬಗೆ

ಆಘಾತದ ನಂತರ ಉಳಿಯುವ ತೊಂದರೆಗೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಕೊಟ್ಟ ಸಲಹೆಯಲ್ಲಿ ಎರಡು ಚಿಕಿತ್ಸೆಗಳ ಹೆಸರಿದೆ. ಒಂದು, ಆಘಾತವನ್ನೇ ಮುಖ್ಯವಾಗಿಟ್ಟುಕೊಂಡ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ರೂಢಿಯನ್ನು ಮಾತಿನ ಮೂಲಕ ಬದಲಿಸುವ ಚಿಕಿತ್ಸೆ. ಇನ್ನೊಂದು ಇಎಂಡಿಆರ್, ಅಂದರೆ ಕಣ್ಣಿನ ಚಲನೆ ಬಳಸಿ ನೆನಪಿನ ಬಿಗಿ ಸಡಿಲಿಸುವ ವಿಧಾನ. ಧ್ಯಾನ ಇವುಗಳ ಜೊತೆಗೆ ಇರಲಿ, ಇವುಗಳ ಬದಲಿಗೆ ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಜಿಲ್ಲಾ ಆಸ್ಪತ್ರೆಗಳ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಬಹುದು. ಖಾಸಗಿ ಆಪ್ತಸಮಾಲೋಚಕರ ಹತ್ತಿರ ಹೋದರೆ ಮೊದಲ ದಿನವೇ ಕೇಳಿ: "ಬಾಲ್ಯದ ಆಘಾತ ಇರುವವರ ಜೊತೆ ಕೆಲಸ ಮಾಡಿದ್ದೀರಾ? ಏನು ತರಬೇತಿ ಆಗಿದೆ?" ಹಾಗೆ ಕೇಳುವುದು ಅಗೌರವ ಅಲ್ಲ. ಒಳ್ಳೆಯವರು ಸಂತೋಷದಿಂದ ಉತ್ತರ ಕೊಡುತ್ತಾರೆ.

ದೂರ ಹೋಗಲು ಆಗದಿದ್ದರೆ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಸಹಾಯವಾಣಿ. ನಂಬರ್ 14416. ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಹದಿನೆಂಟು ತುಂಬದವರು, ಅಥವಾ ಈಗ ಹಿಂಸೆಯಲ್ಲಿರುವ ಮಗುವಿನ ಬಗ್ಗೆ ಹೇಳಬೇಕಾದವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಫೋನ್ ಎತ್ತಿದ ಕೂಡಲೇ ಮಾತು ಕಟ್ಟಿಹೋಗುತ್ತದೆ. ನನಗೂ ಮೊದಲ ಸಲ ಸಮಾಲೋಚಕಿಗೆ ಫೋನ್ ಮಾಡಿದಾಗ ಹಾಗೇ ಆಗಿತ್ತು, ಎರಡು ಸಲ ಕಟ್ ಮಾಡಿದ್ದೆ. ಮೂರನೇ ಸಲ ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿದೆ. ಬೇಕಾದರೆ ನೀವೂ ಇದನ್ನೇ ಓದಿ: "ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಕೆಲವು ವಿಷಯ ನಡೆದಿದೆ. ಅದು ಈಗಲೂ ಕಾಡ್ತಿದೆ. ಇವತ್ತೇ ಎಲ್ಲ ಹೇಳಕ್ಕಾಗಲ್ಲ. ಎಲ್ಲಿಂದ ಶುರು ಮಾಡ್ಬೇಕು ಅಂತ ಹೇಳ್ತೀರಾ?"